ಬೆಣ್ಣೆ ಮೇಷ್ಟ್ರ ಎಡಗಾಲು

ನಮ್ಮ ಭಾವ ಕುರ್ಚಿಯಲ್ಲಿ ಕೂತಾಗ ಅವರ ಎಡಗಾಲನ್ನು ನೋಡಬೇಕು. ಕ್ಷೌರದಂಗಡಿಯಲ್ಲಿ ಕತ್ತರಿ ಕಿವಿಯ ಹತ್ತಿರ ಬಂದರೆ ಆ ಕಾಲು ನೆಲವನ್ನು ಒತ್ತುತ್ತದೆ. ಬ್ಯಾಂಕಿನ ಸಾಲಿನಲ್ಲಿ ಯಾರಾದರೂ ಮಧ್ಯೆ ನುಗ್ಗಿದರೆ ಒತ್ತುತ್ತದೆ. ಟೀವಿಯಲ್ಲಿ ಯಾವುದೋ ಮಗು ಮೆಟ್ಟಿಲ ಕಡೆ ಅಂಬೆಗಾಲಿಟ್ಟರೂ ಒತ್ತುತ್ತದೆ. ಒತ್ತಿ, ಒಂದು ಗಳಿಗೆ ಹಿಡಿದು, ಆಮೇಲೆ ತುಂಬಾ ನಿಧಾನವಾಗಿ ಬಿಡುತ್ತದೆ. ಒತ್ತುವುದನ್ನು ಯಾರು ಬೇಕಾದರೂ ಮಾಡಿಯಾರು. ಭಾವ ಇಪ್ಪತ್ತಾರು ವರ್ಷ ಅನ್ನ ತಿಂದಿದ್ದು ಆ ಬಿಡುವುದರಿಂದ.

ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದರು. ಕಲಿಸುವ ಕಾರಿನಲ್ಲಿ ಮೇಷ್ಟ್ರು ಕೂರುವ ಎಡಗಡೆಯ ಸೀಟಿನ ಮುಂದೆಯೂ ಎರಡು ಪೆಡಲುಗಳಿರುತ್ತವೆ, ಒಂದು ಬ್ರೇಕು, ಒಂದು ಕ್ಲಚ್ಚು. ಕಲಿಯುವವರು ತಪ್ಪಿದರೆ ಮೇಷ್ಟ್ರು ತಮ್ಮ ಕಡೆಯಿಂದ ಒತ್ತಬಹುದು. ಇವರು ಒತ್ತಿದರೆ ಅವರ ಪೆಡಲೂ ಕೆಳಗೆ ಹೋಗುತ್ತದೆ, ಇವರು ಬಿಡುವವರೆಗೂ ಅದು ಮೇಲೆ ಬರುವುದಿಲ್ಲ. ಭಾವನ ಕಾರು ರಸ್ತೆ ಮಧ್ಯೆ ಜರ್ಕ್ ಹೊಡೆದು ಆಫ್ ಆದದ್ದನ್ನು ಊರವರು ನೋಡಿದ್ದೇ ಅಪರೂಪ. ಮೊದಲನೇ ದಿನ ಸ್ಟೀರಿಂಗ್ ಹಿಡಿದವರೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಾಡಿ ಎತ್ತುತ್ತಿದ್ದರು. ಅದಕ್ಕೇ ಊರಿಗೆಲ್ಲ ಅವರು ಬೆಣ್ಣೆ ಮೇಷ್ಟ್ರು. ಹೆದರುಪುಕ್ಕಲರೆಲ್ಲ ಹುಡುಕಿಕೊಂಡು ಬಂದು, "ಬೆಣ್ಣೆ ಮೇಷ್ಟ್ರೇ ಬೇಕು" ಎಂದು ಹಟ ಹಿಡಿಯುತ್ತಿದ್ದರು.

ಹಾಗೆ ಹಟ ಹಿಡಿದವರ ಹೆಸರು ಬರೆದುಕೊಳ್ಳುವವಳು ನಾನು. ಭಾವನ ಹೆಂಡತಿಯ ತಂಗಿ. ಈ ಕೆಲಸ ಕೊಡಿಸಿದವರೂ ಭಾವನೇ. ಹದಿನೈದು ವರ್ಷದಿಂದ ಅದೇ ಸ್ಕೂಲಿನ ಮುಂದಿನ ಕೋಣೆ, ಒಂದು ಕಾಲು ಗಿಡ್ಡವಾದ ಅದೇ ಮೇಜು, ಅದರ ಕೆಳಗೆ ಮಡಚಿಟ್ಟ ಅದೇ ರಟ್ಟು. ನನಗೆ ಕಾರು ಓಡಿಸಲು ಬರುವುದಿಲ್ಲ, ಬೇಕೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತ ಸ್ಕೂಲಿನ ಯಜಮಾನರು ನಗುತ್ತಾರೆ. ನಗಲಿ.

"ಗೇರ್ ಗಾಡಿ ಕಲೀಲಾ ಮೇಡಂ, ಆಟೋಮ್ಯಾಟಿಕ್ ಕಲೀಲಾ?"

ದಿನಕ್ಕೆ ಹತ್ತು ಸಲ ಈ ಪ್ರಶ್ನೆ. ಉತ್ತರ ನನಗೆ ನಿದ್ದೆಯಲ್ಲೂ ಬರುತ್ತದೆ. ಎಂಜಿನ್ ಸದಾ ತಿರುಗುತ್ತಿರುತ್ತದೆ, ಚಕ್ರ ಆಗಾಗ ನಿಲ್ಲಬೇಕಾಗುತ್ತದೆ, ಇವೆರಡನ್ನೂ ಬಿಡಿಸಿ ಕೂಡಿಸುವುದು ಕ್ಲಚ್ಚಿನ ಕೆಲಸ. ಗೇರ್ ಗಾಡಿಯಲ್ಲಿ ಆ ಕೆಲಸ ನಿಮ್ಮ ಎಡಗಾಲಿನದು. ಆಟೋಮ್ಯಾಟಿಕ್‌ನಲ್ಲಿ ಎರಡೇ ಪೆಡಲು, ಎಡಗಾಲಿಗೆ ರಜೆ. ಅದರಲ್ಲೂ ಮೂರು ಬಗೆ. ಒಂದರಲ್ಲಿ ಗೇರ್ ಪೆಟ್ಟಿಗೆಯೂ ಹಳೆಯದೇ, ಕ್ಲಚ್ಚೂ ಹಳೆಯದೇ, ಕಾಲಿನ ಬದಲು ಒಳಗೊಂದು ಯಂತ್ರ ಕೂತು ಒತ್ತುತ್ತದೆ. ಬೆಲೆ ಕಡಿಮೆ, ಆದರೆ ಗೇರ್ ಬದಲಾಗುವಾಗ ತೂಕಡಿಸಿದವರ ಹಾಗೆ ತಲೆ ಒಮ್ಮೆ ಮುಂದಕ್ಕೆ ವಾಲುತ್ತದೆ. ಇನ್ನೊಂದರಲ್ಲಿ ಕ್ಲಚ್ಚೇ ಇಲ್ಲ, ಅದರ ಜಾಗದಲ್ಲಿ ಎಣ್ಣೆ ತುಂಬಿದ ಒಂದು ಡಬ್ಬಿ. ನುಣುಪಾಗಿ ಹೋಗುತ್ತದೆ, ಪೆಟ್ರೋಲು ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಮೂರನೆಯದರಲ್ಲಿ ಗೇರಿನ ಹಲ್ಲುಗಳ ಬದಲು ಎರಡು ಗಾಲಿ, ನಡುವೆ ಒಂದು ಪಟ್ಟಿ. ಊರೊಳಗೆ ಸುಖ, ಏರಿನಲ್ಲಿ ಎಂಜಿನ್ ಕೂಗಿಕೊಳ್ಳುತ್ತದೆ. ಇಷ್ಟು ಹೇಳಿ ಕೊನೆಗೆ, ಗೇರ್ ಗಾಡಿಯಲ್ಲಿ ಟೆಸ್ಟ್ ಪಾಸಾದರೆ ಎರಡೂ ಬಗೆ ಓಡಿಸಬಹುದು, ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಅದನ್ನು ಮಾತ್ರ, ನಿಮ್ಮ ಅನುಕೂಲ ನೋಡಿಕೊಳ್ಳಿ ಅನ್ನುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಭಾವನದು ಹಾಗಲ್ಲ. ನನ್ನ ಮೇಜಿನ ಪಕ್ಕ ನೀರು ಕುಡಿಯುತ್ತ ನಿಂತಿದ್ದರೆ ಅವರ ಬಾಯಿಂದ ಬರುತ್ತಿದ್ದ ಮಾತು ಒಂದೇ. "ಆಟೋಮ್ಯಾಟಿಕ್ ಅನ್ನೋದು ಗಾಡಿ ಅಲ್ಲಪ್ಪ, ಕುರ್ಚಿ. ಕೂತ್ಕೋಬೇಕು, ಅದು ಕರ್ಕೊಂಡು ಹೋಗುತ್ತೆ. ನೀವು ಕುರ್ಚಿ ಕಲಿಯೋಕೆ ಬಂದ್ರೋ, ಕಾರು ಕಲಿಯೋಕೆ ಬಂದ್ರೋ?"

ಬಂದವರು ನಕ್ಕು ಗೇರ್ ಗಾಡಿಗೆ ಸೇರುತ್ತಿದ್ದರು.

ಹೀಗೆ ಊರಿಗೆಲ್ಲ ಗೇರ್ ಗಾಡಿ ಕಲಿಸಿದ ಮೇಷ್ಟ್ರ ಸ್ವಂತ ಹೆಂಡತಿಗೆ, ಅಂದರೆ ನಮ್ಮ ಅಕ್ಕನಿಗೆ, ಗಾಡಿ ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಮೂರು ಸಲ ಟೆಸ್ಟಿಗೆ ಹೋದಳು, ಮೂರು ಸಲವೂ ಫೇಲಾದಳು. ಭಾವ ಪಕ್ಕದಲ್ಲಿ ಕೂತರೆ ಹೂವಿನ ಹಾಗೆ ಓಡಿಸುವವಳು ಟೆಸ್ಟ್ ಮಾಡುವ ಸಾಹೇಬರು ಕೂತ ಕೂಡಲೇ ಕಾಲಿಗೆ ದೆವ್ವ ಹಿಡಿದವಳಂತೆ ಆಡುತ್ತಿದ್ದಳು. ಗಾಡಿ ಎಗರಿ ಆಫ್. ಮತ್ತೆ ಸ್ಟಾರ್ಟ್, ಮತ್ತೆ ಎಗರಿ ಆಫ್. ಕಾರು ಅದೇ, ರಸ್ತೆ ಅದೇ.

ಮೊದಲನೇ ಸಲ ಫೇಲಾಗಿ ಬಂದಾಗ ಅಕ್ಕ ಒಂದು ಮಾತು ಹೇಳಿದ್ದಳು. "ನಿಮ್ಮ ಗಾಡಿ ಕ್ಲಚ್ಚು ಒಂದೊಂದು ಸಲ ಒಂದೊಂದು ಥರ ರೀ. ನೀವು ಇದ್ದಾಗ ನಾನು ಕಾಲೆತ್ತಿದ್ರೂ ಪೆಡಲು ತಡವಾಗಿ ಬರುತ್ತೆ. ಅಲ್ಲಿ ಫಟ್ ಅಂತ ಬಂದುಬಿಡ್ತು."

"ಹಳೇ ಗಾಡಿ ಕಣೇ. ಸ್ಪ್ರಿಂಗ್ ಸಡಿಲ," ಅಂದಿದ್ದರು ಭಾವ.

ನಾನು ಪಕ್ಕದಲ್ಲೇ ಇದ್ದೆ. ಸುಮ್ಮನಿರಬಾರದಾಗಿತ್ತೇ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ. ಮನೆಯೆಲ್ಲ ನಕ್ಕಿತು. ಅಕ್ಕನೂ ನಕ್ಕಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದು ನನಗೆ ಈಗ ಅರ್ಥವಾಗಿದೆ. ಅವತ್ತಿನಿಂದ ಅವಳು ಗಾಡಿಯನ್ನು ಬೈಯುವುದು ಬಿಟ್ಟು ತನ್ನ ಕಾಲನ್ನು ಬೈಯತೊಡಗಿದಳು. "ನನ್ನ ಕಾಲಿಗೆ ಬುದ್ಧಿ ಇಲ್ಲ" ಅನ್ನುವುದು ಅವಳ ಬಾಯಿಪಾಠವಾಯಿತು.

ಬುದ್ಧಿ ಇಲ್ಲದ ಆ ಕಾಲೇ ಮನೆಯ ಅರ್ಧ ಖರ್ಚು ತೂಗಿಸುತ್ತಿತ್ತು. ಅಕ್ಕ ಕಿಟಕಿ ಪರದೆ ಹೊಲಿಯುತ್ತಾಳೆ. ಹಳೆಯ ಕಾಲದ, ಎರಡೂ ಕಾಲಿನಲ್ಲಿ ತುಳಿಯುವ ಮಿಷನ್ನು. ದಪ್ಪ ಬಟ್ಟೆಯ ಮೂಲೆ ಬಂದಾಗ ಚಪ್ಪಲಿ ಬಿಚ್ಚಿ, ಬರಿಗಾಲಿನಲ್ಲಿ ಒಂದೊಂದೇ ಹೊಲಿಗೆ ಬೀಳುವಷ್ಟು ನಾಜೂಕಾಗಿ ತುಳಿಯುತ್ತಾಳೆ. ಪರದೆ ಅಂದರೆ ಬರೀ ಹೊಲಿಗೆಯಲ್ಲ. ಮನೆಮನೆಗೆ ಹೋಗಿ ಕಿಟಕಿ ಅಳೆಯಬೇಕು, ಬಟ್ಟೆಯ ಸುರುಳಿ ಒಯ್ದು ತೋರಿಸಬೇಕು, ಆಮೇಲೆ ಸರಳು, ಏಣಿ, ಡ್ರಿಲ್ಲು ಎಲ್ಲ ಹೊತ್ತುಕೊಂಡು ಹೋಗಿ ತೂಗುಹಾಕಬೇಕು. ಬೆಳಗ್ಗೆ ಪಾಠ ಶುರುವಾಗುವ ಮುಂಚೆ, ಸಂಜೆ ಪಾಠ ಮುಗಿದ ಮೇಲೆ ಭಾವ ಸ್ಕೂಲಿನ ಕಾರಿನಲ್ಲೇ ಅವಳನ್ನು ಸುತ್ತಿಸುತ್ತಿದ್ದರು. ಯಜಮಾನರು ಕಂಡೂ ಕಾಣದ ಹಾಗಿದ್ದರು.

ಈ ವರ್ಷ ಭಾವನ ಎಡ ಮೊಣಕಾಲು ಕೈಕೊಟ್ಟಿತು. ಮೊದಲು ಮೆಟ್ಟಿಲು ಇಳಿಯುವಾಗ ನೋವು, ಆಮೇಲೆ ಹತ್ತುವಾಗಲೂ. ಕೊನೆಕೊನೆಗೆ ಪಾಠ ಮುಗಿಸಿ ಕಾರಿನಿಂದ ಇಳಿಯಲು ಎರಡೂ ಕೈಯಲ್ಲಿ ಕಾಲನ್ನು ಎತ್ತಿ ಹೊರಗಿಡುತ್ತಿದ್ದರು. ಅದೇ ಹೊತ್ತಿಗೆ ಅಕ್ಕನಿಗೆ ಹಿಂದೆಂದೂ ಸಿಗದಂಥ ಕೆಲಸ ಸಿಕ್ಕಿತು. ಊರಾಚೆ ಹೊಸದಾಗಿ ಕಟ್ಟಿದ ನರ್ಸುಗಳ ಹಾಸ್ಟೆಲ್ಲು, ನಲವತ್ತು ಕಿಟಕಿ, ಎರಡು ತಿಂಗಳ ಗಡುವು. ಒಬ್ಬರ ಕಾಲು ಬಿತ್ತು, ಇನ್ನೊಬ್ಬರ ಕೆಲಸ ಎದ್ದಿತು. ಕಷ್ಟಕ್ಕೆ ಹೊತ್ತುಗೊತ್ತು ಇದೆಯೇ?

ಮೂಳೆ ಡಾಕ್ಟರ ಹತ್ತಿರ ಮೂವರೂ ಹೋದೆವು. ಕೋಣೆ ಚಿಕ್ಕದು. ಭಾವ ಮಂಚದ ಮೇಲೆ, ಅಕ್ಕ ಎಕ್ಸ್‌ರೇ ಲಕೋಟೆ ಹಿಡಿದುಕೊಂಡು ಪಕ್ಕದ ಸ್ಟೂಲಿನ ಮೇಲೆ, ನಾನು ಬಾಗಿಲಿಗೆ ಒರಗಿಕೊಂಡು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ ನೋಡಿದರು.

"ಬಲಗಡೆ ಚೆನ್ನಾಗೇ ಇದೆ. ಎಡಗಡೆ ಪೂರ್ತಿ ಸವೆದುಹೋಗಿದೆ. ಆಪರೇಷನ್ನೇ ಆಗಬೇಕು. ಏನು ಕೆಲಸ ನಿಮ್ಮದು?"

"ಡ್ರೈವಿಂಗ್ ಕಲಿಸ್ತೀನಿ. ಇಪ್ಪತ್ತಾರು ವರ್ಷ ಆಯ್ತು. ಕ್ಲಚ್ ಒತ್ತಿ ಒತ್ತಿ ಹೀಗಾಗಿದೆ."

"ಕ್ಲಚ್ ಒತ್ತೋದು ಕಲಿಯೋರಲ್ವಾ? ನೀವು ಪಕ್ಕದಲ್ಲಿ ಕೂರೋರು."

ಬೆಳಗ್ಗೆಯಿಂದ ಸಾಲಿನಲ್ಲಿ ಕೂತು ಭಾವ ಸೋತುಹೋಗಿದ್ದರು. ಆ ಸುಸ್ತಿನಲ್ಲಿ ಬಾಯಿಗೆ ಬೀಗ ಇರಲಿಲ್ಲ. "ಒತ್ತೋದು ಅವರೇ ಡಾಕ್ಟ್ರೇ. ಬಿಡೋದು ನಾನು. ಅವರ ಪಾಡಿಗೆ ಬಿಟ್ರೆ ಫಟ್ ಅಂತ ಕಾಲೆತ್ತಿ ಗಾಡಿ ಆಫ್ ಮಾಡಿಬಿಡ್ತಾರೆ. ಅವರ ಕಾಲು ಮೇಲೆ ಬಂದ್ರೂ ಪೆಡಲು ನನ್ನ ಕಾಲಡೀನೇ ಇರುತ್ತೆ. ನಾನು ನಿಧಾನಕ್ಕೆ ಬಿಡ್ತೀನಿ. ಅವರು ತಾವೇ ಬಿಟ್ವಿ ಅಂದ್ಕೋತಾರೆ."

"ಎಲ್ಲರಿಗೂ ಹೀಗೇನಾ? ಮತ್ತೆ ಕಲಿಯೋದು ಯಾವಾಗ?"

"ಮೊದಲು ಎರಡು ವಾರ ಎಲ್ಲರಿಗೂ. ಆಮೇಲೆ ಅವರಿಗೆ ಗೊತ್ತಾಗದ ಹಾಗೆ ಸ್ವಲ್ಪಸ್ವಲ್ಪ ಕಾಲು ತೆಗೀತಾ ಬರ್ತೀನಿ. ಎಲ್ಲರಿಗೂ ತೆಗೆದಿದ್ದೀನಿ, ಒಬ್ಬಳಿಗೆ ಮಾತ್ರ..."

ಅಲ್ಲಿಗೆ ನಿಲ್ಲಿಸಿದರು. ಅಕ್ಕನ ಕಡೆ ನೋಡಿದರು. ಅಕ್ಕ ಬೆಳಕಿನಲ್ಲಿದ್ದ ಮೂಳೆಯನ್ನೇ ನೋಡುತ್ತಿದ್ದಳು. ಡಾಕ್ಟರು ಏನೂ ಗೊತ್ತಾಗದೆ ಆಪರೇಷನ್ನಿಗೆ ಇಪ್ಪತ್ತು ದಿನ ಆಚೆಯ ತಾರೀಖು ಬರೆದುಕೊಟ್ಟರು. ಆಮೇಲೆ ಮೂರು ತಿಂಗಳು ಸ್ಟೀರಿಂಗ್ ಮುಟ್ಟಬಾರದು ಅಂದರು. ನಾವು ಬಾಡಿಗೆ ಕಾರಿನಲ್ಲಿ ಮನೆಗೆ ಬಂದೆವು.

ನನಗೆ ಇದು ಗೊತ್ತಿತ್ತೋ ಇಲ್ಲವೋ ಎಂದು ಕೇಳಿದರೆ ಏನು ಹೇಳಲಿ? ಮೇಷ್ಟ್ರುಗಳು ಹೊಸಬರಿಗೆ ಕಾಲಿನ ಆಸರೆ ಕೊಡುತ್ತಾರೆ ಅನ್ನುವುದು ಗೊತ್ತಿತ್ತು. ಅದನ್ನು ಅಕ್ಕನ ಮೂರು ಫೇಲುಗಳ ಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ನೆಲ ಡೊಂಕಾಗಿಯೇ ಇತ್ತು. ಗಾದೆ ಹೇಳಿದ ಬಾಯಿಗೆ ಅವತ್ತು ಊಟ ಸೇರಲಿಲ್ಲ.

ಸಂಜೆ ಅಕ್ಕ ಹಾಸ್ಟೆಲ್ಲಿನ ನೀಲಿ ಬಟ್ಟೆಯನ್ನು ನೆಲದ ಮೇಲೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಭಾವ ಕಾಲು ನೀಡಿಕೊಂಡು ಗೋಡೆಗೆ ಒರಗಿದ್ದರು. ಅಕ್ಕ ತಲೆ ಎತ್ತದೆಯೇ ಶುರುಮಾಡಿದಳು.

"ಸ್ಪ್ರಿಂಗ್ ಸಡಿಲ ಅಂದ್ರಲ್ಲಾ ರೀ."

ಭಾವ ಮೊಣಕಾಲು ನೀವಿಕೊಂಡರು.

"ನಾನು ಕೇಳಿದ್ದೆ. ಪೆಡಲು ತಡವಾಗಿ ಬರುತ್ತೆ ಅಂತ ನಾನೇ ಕೇಳಿದ್ದೆ."

"ನಾನು ಕಾಲು ತೆಗೆದ ಒಂದೇ ಒಂದು ದಿನ ಆ ಸರ್ಕಲ್ಲಿನಲ್ಲಿ ಗಾಡಿ ಆಫ್ ಆಯ್ತು ನೋಡು, ಲಾರಿಯವನು ಕೆಳಗಿಳಿದು ಬಂದು ಬಾಯಿಗೆ ಬಂದ ಹಾಗೆ ಬೈದ," ಭಾವ ತಗ್ಗಿದ ದನಿಯಲ್ಲಿ ಹೇಳಿದರು. "ನೀನು ಸ್ಟೀರಿಂಗ್ ಬಿಟ್ಟುಬಿಟ್ಟೆ. ಇಳಿದು ನಡ್ಕೊಂಡೇ ಹೋಗ್ತೀನಿ ಅಂದೆ. ಅವತ್ತಿಂದ ನನಗೆ ಕಾಲು ತೆಗೆಯೋಕೆ ಮನಸ್ಸು ಬರ್ಲಿಲ್ಲ ಕಣೇ. ನಾಳೆ ತೆಗೀತೀನಿ, ನಾಳೆ ತೆಗೀತೀನಿ ಅಂತ ಟೆಸ್ಟೇ ಬಂದುಬಿಡ್ತು."

"ಮೂರು ಟೆಸ್ಟ್ ಬಂತು."

"ಮೊದಲನೇ ಸಲಾನೇ ಹೇಳಿಬಿಡಬೇಕಿತ್ತು. ಮೂರು ಸಲ ಆದ್ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. "ಹನ್ನೊಂದು ವರ್ಷ ಈ ಕಾಲನ್ನ ಬೈಕೊಂಡು ಬದುಕಿದ್ದೀನಿ. ಮಿಷನ್ ತುಳಿಯೋವಾಗ ಕೂಡ ಇದನ್ನ ನೋಡಿದ್ರೆ ಬೇಜಾರಾಗ್ತಿತ್ತು. ನನಗೆ ಮರುಗೋಕೆ ಹೋಗಿ ನನ್ನ ದಡ್ಡಿ ಮಾಡಿಬಿಟ್ರಲ್ಲ."

ಭಾವನ ಕಣ್ಣು ತುಂಬಿತು. ಅಕ್ಕ ಎದ್ದು ಒಳಗೆ ಹೋದಳು. ನಾನು ನನಗೆ ಸಂಬಂಧವಿಲ್ಲದವಳ ಹಾಗೆ ಬಟ್ಟೆ ಮಡಚತೊಡಗಿದೆ. ಮಡಚಬಾರದ ಬಟ್ಟೆ ಅದು, ಅವಳು ಎಳೆದ ಗೆರೆಯೆಲ್ಲ ಅಳಿಸಿಹೋಯಿತು.

ಗಂಡನ ಮೇಲೆ ಸಿಟ್ಟಿದೆ ಅಂತ ನಲವತ್ತು ಕಿಟಕಿ ಕಾಯುವುದಿಲ್ಲವಲ್ಲ. ಭಾವ ರಜೆ ಹಾಕಿದರೆ ಸ್ಕೂಲಿನ ಕಾರು ಬೇರೆ ಮೇಷ್ಟ್ರಿಗೆ ಹೋಗುತ್ತದೆ. ಇವರಿಗೆ ಸ್ವಂತಕ್ಕೊಂದು ಕಾರು ಬೇಕು, ಅದನ್ನು ಅಕ್ಕನೇ ಓಡಿಸಬೇಕು, ಅದಕ್ಕೆ ಹದಿನೈದು ದಿನದೊಳಗೆ ಟೆಸ್ಟ್ ಪಾಸಾಗಬೇಕು. ಫೇಲಾದರೆ ಮುಂದಿನ ಟೆಸ್ಟು ಎರಡು ತಿಂಗಳಾಚೆ. ಹಾಸ್ಟೆಲ್ ಕೆಲಸ ಹೋದಂತೆಯೇ. ಮರುದಿನ ಸಂಜೆ ನಾನು ಟೆಸ್ಟಿನ ಫಾರಂ ತಂದು ಊಟದ ಮೇಜಿನ ಮೇಲಿಟ್ಟೆ. ಅದರಲ್ಲಿ ಎರಡು ಚೌಕ. ಗೇರ್, ಆಟೋಮ್ಯಾಟಿಕ್.

"ಆಟೋಮ್ಯಾಟಿಕ್ ಟಿಕ್ ಮಾಡ್ತೀನಿ," ಎಂದೆ. "ಸ್ಕೂಲಿಗೆ ಹೊಸದು ಬಂದಿದೆ. ನಾಲ್ಕು ದಿನ ಓಡಿಸಿದ್ರೆ ಸಾಕು, ಕಣ್ಮುಚ್ಚಿ ಪಾಸ್ ಆಗ್ತೀಯ."

"ಹೌದು, ಅದೇ ಸರಿ," ಅಂದರು ಭಾವ.

ಬೆಣ್ಣೆ ಮೇಷ್ಟ್ರ ಬಾಯಲ್ಲಿ ಈ ಮಾತು! ಬೇರೆ ದಿನವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ಅಕ್ಕ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಗೇರ್ ಚೌಕದಲ್ಲಿ ಗುರುತು ಹಾಕಿದಳು.

"ಬೇಡ ಕಣೇ," ಭಾವ ಅಂದರು. "ಈ ಸಲ ಫೇಲಾದ್ರೆ ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ. ಈ ಕಾಲಿಗೆ ಬುದ್ಧಿ ಇದೆಯೋ ಇಲ್ವೋ ನನಗೆ ಗೊತ್ತಾಗಬೇಕು. ಭಾನುವಾರ ಸ್ಕೂಲಿನ ಹಳೇ ಗಾಡಿ ಕೀ ತಂದ್ಕೊಡಿ. ನೀವು ಮಾತ್ರ ಒಳಗೆ ಕೂರಕೂಡದು."

ಸ್ಕೂಲಿನ ಹಿಂದೆ ಹಳೆಯ ಗೋದಾಮೊಂದರ ಅಂಗಳವಿದೆ. ಒಡೆದ ಸಿಮೆಂಟು, ಬಿರುಕಿನಲ್ಲಿ ಹುಲ್ಲು, ಒಂದು ತುದಿಯಲ್ಲಿ ಲಾರಿಗಳು ಹತ್ತುತ್ತಿದ್ದ ಇಳಿಜಾರು. ಭಾನುವಾರ ಬೆಳಗ್ಗೆ ಗೋಡೆ ಬದಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಭಾವನನ್ನು ಕೂರಿಸಿದೆವು. ಎಡಗಡೆ ಸೀಟಿನಲ್ಲಿ ನಾನು ಕೂತೆ.

"ಕಾಲು ಮೇಲಿಡು," ಅಂದಳು ಅಕ್ಕ.

"ಯಾಕೆ? ನನಗೆ ಒತ್ತೋಕೆಲ್ಲಿ ಬರುತ್ತೆ?"

"ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೋ. ಆ ಕಡೆ ಪೆಡಲಿನ ಹತ್ರ ಯಾರ ಕಾಲೂ ಇರಬಾರದು."

ನಲವತ್ತೆರಡು ವರ್ಷದ ನಾನು ಶಾಲೆಯ ಮಗುವಿನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತೆ. ಅಕ್ಕ ಸ್ಟಾರ್ಟ್ ಮಾಡಿದಳು, ಗೇರ್ ಹಾಕಿದಳು, ಕಾಲೆತ್ತಿದಳು. ಗಾಡಿ ಎಗರಿ ಆಫ್ ಆಯಿತು. ನನ್ನ ಹಣೆ ಮುಂದಿನ ಡ್ಯಾಶ್‌ಬೋರ್ಡಿಗೆ ತಾಗುವುದರಲ್ಲಿತ್ತು. ಮತ್ತೆ ಸ್ಟಾರ್ಟು, ಮತ್ತೆ ಆಫು. ಮೂರು, ನಾಲ್ಕು, ಐದು. ಪ್ರತಿ ಸಲವೂ ಗೋಡೆ ಹತ್ತಿರ ಭಾವನ ಎಡಗಾಲು ಸಿಮೆಂಟನ್ನು ಒತ್ತುವುದು ನನಗೆ ಕಾಣುತ್ತಿತ್ತು. ಒತ್ತಿದಾಗಲೆಲ್ಲ ಅವರ ಮುಖ ನೋವಿನಿಂದ ಕಿವುಚಿಕೊಳ್ಳುತ್ತಿತ್ತು. ಆದರೂ ಕಾಲು ನಿಲ್ಲಲಿಲ್ಲ.

ಒಂಬತ್ತನೇ ಸಲ ಅಕ್ಕ ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. "ಸಾಕಾಯ್ತು," ಅಂದಳು. ದನಿಯಲ್ಲಿ ಅಳು ಇರಲಿಲ್ಲ, ಸುಸ್ತಿತ್ತು. ನನಗೂ ಸಾಕಾಗಿತ್ತು. ಮನೆಗೆ ಹೋಗೋಣ, ಆಟೋಮ್ಯಾಟಿಕ್ ತಗೊಂಡರೆ ಯಾರ ಗಂಟು ಹೋಗುತ್ತದೆ ಎಂದು ನಾಲಿಗೆ ತುದಿಗೆ ಬಂದಿತ್ತು. ಈ ಸಲ ಬಾಯಿ ಮುಚ್ಚಿಕೊಂಡೆ.

ಅವಳು ಬಗ್ಗಿ ಎರಡೂ ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಎಸೆದಳು.

ಬರಿಗಾಲನ್ನು ಕ್ಲಚ್ಚಿನ ಮೇಲಿಟ್ಟು ಸುಮ್ಮನೆ ಕೂತಳು. ಆಮೇಲೆ ದಪ್ಪ ಬಟ್ಟೆಯ ಮೂಲೆ ಹೊಲಿಯುವಾಗಿನ ಮುಖ ಮಾಡಿಕೊಂಡು, ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಕಾಲೆತ್ತಿದಳು. ಎಂಜಿನ್ನಿನ ಸದ್ದು ಗಂಟಲು ಕಟ್ಟಿದ ಹಾಗೆ ತಗ್ಗಿತು. ಗಾಡಿ ಸಣ್ಣಗೆ ಕಂಪಿಸಿತು. ಅವಳ ಕಾಲು ಅಲ್ಲೇ ನಿಂತಿತು.

"ಇಲ್ಲಿದೆ," ಅಂದಳು ಪಿಸುದನಿಯಲ್ಲಿ. "ಇಲ್ಲಿ ಇತ್ತು ಇದು."

ಹಾಫ್ ಕ್ಲಚ್ ಅನ್ನುವುದು ಇದನ್ನೇ. ಎಂಜಿನ್ನೂ ಚಕ್ರವೂ ಮೊದಲು ಮುಟ್ಟಿಕೊಳ್ಳುವ ಜಾಗ. ಇಷ್ಟು ವರ್ಷ ಆ ಜಾಗ ಭಾವನ ಕಾಲಡಿಯೇ ಇತ್ತು. ಗಾಡಿ ಮುಂದಕ್ಕೆ ಹೊರಟಿತು. ಬೆಣ್ಣೆಯೇನಲ್ಲ, ಕಲ್ಲುರಸ್ತೆಯ ಗಾಡಿಯ ಹಾಗೆ ಕುಲುಕುತ್ತಲೇ ಹೊರಟಿತು. ಅಂಗಳ ಸುತ್ತಿ ಗೋಡೆ ಹತ್ತಿರ ಬಂದಾಗ ನೋಡಿದೆ, ಭಾವ ಎರಡೂ ಕೈಯಲ್ಲಿ ತಮ್ಮ ಎಡ ಮೊಣಕಾಲನ್ನು ಅದುಮಿ ಹಿಡಿದುಕೊಂಡಿದ್ದರು, ಅಲುಗಾಡದಿರಲಿ ಅಂತ.

ಟೆಸ್ಟಿನ ದಿನದವರೆಗೂ ದಿನಾ ಬೆಳಗ್ಗೆ ಅಂಗಳಕ್ಕೆ ಹೋದೆವು. ಇಳಿಜಾರಿನಲ್ಲಿ ಗಾಡಿ ಎಷ್ಟು ಸಲ ಆಫ್ ಆಯಿತೋ ಲೆಕ್ಕ ಇಡಲಿಲ್ಲ. ಭಾವ ಕುರ್ಚಿಯಿಂದಲೇ, "ಹ್ಯಾಂಡ್ ಬ್ರೇಕ್ ಎಳಿ. ಈಗ ಉಸಿರು ಬಿಡು. ಈಗ ಸ್ಟಾರ್ಟ್ ಮಾಡು," ಎಂದು ಕೂಗುತ್ತಿದ್ದರು. ಅವರು ಪಕ್ಕದಲ್ಲಿದ್ದರೆ ಗಾಡಿ ಆಫ್ ಆಗುವುದೇ ಅಪರೂಪವಾಗಿತ್ತಲ್ಲ, ಆಫ್ ಆದ ಮೇಲೆ ಏನು ಮಾಡಬೇಕು ಅನ್ನುವುದನ್ನು ಇಪ್ಪತ್ತಾರು ವರ್ಷದಲ್ಲಿ ಮನಸಿಟ್ಟು ಕಲಿಸಿದ್ದು ಅದೇ ಮೊದಲಿರಬೇಕು.

ಟೆಸ್ಟಿನ ದಿನ ನಾನೂ ಭಾವನೂ ತಂತಿಬೇಲಿಯ ಹೊರಗೆ ನಿಂತಿದ್ದೆವು. ಸಾಹೇಬರು ಕಾಲು ಹಿಂದಕ್ಕೆ ಎಳೆದುಕೊಂಡು ಎಡಗಡೆ ಕೂತರು. ತಿರುವೆಲ್ಲ ಸರಿಯಾಯಿತು. ಕೊನೆಯ ಏರಿನ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು. ಅಕ್ಕ ಹೊರಟಳು. ಗಾಡಿ ಎಗರಿ ಆಫ್ ಆಯಿತು.

ಭಾವ ಬೇಲಿಯ ಕಂಬವನ್ನು ಹಿಡಿದುಕೊಂಡರು. "ಆಯ್ತು, ಮುಗೀತು," ಅಂದರು. "ನಾನೇ ಹಾಳು ಮಾಡಿದ್ದು."

ಏರಿನ ಮೇಲಿಂದ ಹ್ಯಾಂಡ್ ಬ್ರೇಕ್ ಎಳೆದ ಸದ್ದು ಕೇಳಿತು. ಆಮೇಲೆ ಏನೂ ಇಲ್ಲ. ಉಸಿರು ಬಿಡುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ಸ್ಟಾರ್ಟಾಯಿತು, ಎಂಜಿನ್ನಿನ ದನಿ ತಗ್ಗಿತು, ಗಾಡಿ ಒಂದಂಗುಲವೂ ಹಿಂದೆ ಜಾರದೆ ಏರು ಹತ್ತಿತು. ಕೆಳಗಿಳಿದು ಬಂದ ಸಾಹೇಬರು ಸಹಿ ಹಾಕುತ್ತ, ಆಫ್ ಆಗುವುದು ದೊಡ್ಡದಲ್ಲ, ಆಮೇಲೆ ಗಾಬರಿಯಾಗುವವರನ್ನು ನಾವು ಫೇಲ್ ಮಾಡುವುದು ಎಂದರಂತೆ. ಅಕ್ಕ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಹತ್ತಿರ ಬಂದಳು. ನಗಲಿಲ್ಲ. "ಮನೆಗೆ ಹೋಗಿ ಮಲಗಬೇಕು," ಅಂದಳು.

ಕಾರು ಕೊಳ್ಳಲು ಹಳೆ ಕಾರಿನ ವ್ಯಾಪಾರಿಯ ಅಂಗಳಕ್ಕೆ ಹೋದಾಗ ಭಾವ ಕುಂಟುತ್ತಲೇ ನೇರ ಗೇರ್ ಗಾಡಿಯ ಹತ್ತಿರ ಹೋಗಿ ಅದರ ಬಾನೆಟ್ಟಿನ ಮೇಲೆ ಕೈಯಿಟ್ಟರು. "ಇನ್ನೇನು, ಬಂತಲ್ಲ ನಿಂಗೆ. ಇದನ್ನೇ ತಗೊಳ್ಳೋಣ."

"ಬೇಡ ರೀ," ಅಂದಳು ಅಕ್ಕ.

"ಮತ್ತೆ ಅಷ್ಟೊಂದು ಒದ್ದಾಡಿದ್ದು ಯಾಕೆ?"

"ಬರಲ್ಲ ಅಂತ ಬಿಡೋದು ಬೇಡ ಅಂತ. ಈಗ ಬರುತ್ತೆ, ನನಗೆ ಬೇಡ. ದಿನಾ ಹಾಸ್ಟೆಲ್ಲಿಗೆ ಹೋಗೋ ದಾರೀಲಿ ಹನ್ನೆರಡು ಸಿಗ್ನಲ್ಲು. ಮನೆಗೆ ಬಂದು ಮಿಷನ್ನೂ ತುಳೀಬೇಕು. ಒಂದು ಮನೇಲಿ ಒಂದು ಮೊಣಕಾಲು ಹೋದ್ರೆ ಸಾಕು."

ವ್ಯಾಪಾರಿ ಕೂಡಲೇ ಆಟೋಮ್ಯಾಟಿಕ್‌ಗಳ ಕಡೆ ತಿರುಗಿ, ಬೆಲೆ ಕಡಿಮೆಯದನ್ನು ತೋರಿಸಿದ. ಒಳಗೆ ಹಳೆಯ ಗೇರ್ ಪೆಟ್ಟಿಗೆಯೇ ಇದೆ ತಾಯಿ, ಕ್ಲಚ್ಚನ್ನು ಮಾತ್ರ ಯಂತ್ರ ಒತ್ತುತ್ತದೆ ಎಂದು ವಿವರಿಸಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ನನಗೆ ಕಾಣದ ಹಾಗೆ ಕೂತು ಯಾರೋ ಕ್ಲಚ್ ಒತ್ತೋದು ಬೇಡಪ್ಪ," ಅಂದಳು. "ಅದು ನನಗೆ ಆಗಿಹೋಗಿದೆ."

ಭಾವ ನಕ್ಕುಬಿಟ್ಟರು. ಡಾಕ್ಟರ ಕೋಣೆಯಿಂದ ಈಚೆಗೆ ಮೊದಲ ಸಲ ಅಕ್ಕನೂ ಅವರ ಮುಖ ನೋಡಿ ನಕ್ಕಳು. ಎಣ್ಣೆ ಡಬ್ಬಿಯ ಗಾಡಿ ತೆಗೆದುಕೊಂಡೆವು.

ಆಪರೇಷನ್ ಆದ ಆರನೇ ದಿನ ಭಾವನನ್ನು ಮನೆಗೆ ಕರೆತಂದೆವು. ಅಷ್ಟರಲ್ಲಿ ಅಕ್ಕ ಹಾಸ್ಟೆಲ್ಲಿನ ಒಂಬತ್ತು ಕಿಟಕಿ ಮುಗಿಸಿದ್ದಳು. ಅವಳ ಕಣ್ಣ ಕೆಳಗೆ ಕಪ್ಪಗಾಗಿತ್ತು. ಭಾವ ಎಡಗಡೆ ಸೀಟನ್ನು ಹಿಂದಕ್ಕೆ ತಳ್ಳಿಸಿಕೊಂಡು, ಪಟ್ಟಿ ಬಿಗಿದ ಕಾಲನ್ನು ಉದ್ದಕ್ಕೆ ಚಾಚಿ ಕೂತರು. ಹಿಂದೆ ನಾನು, ಏಣಿ, ಪರದೆ ಸರಳುಗಳು. ಮೊದಲ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು. ಅಕ್ಕ ಬ್ರೇಕಿನಿಂದ ಕಾಲು ತೆಗೆದಳು, ಗಾಡಿ ತಾನಾಗಿ ಮುಂದಕ್ಕೆ ತೆವಳಿತು. ಆ ಗಳಿಗೆಗೇ ಭಾವನ ಎಡಗಾಲು ಒತ್ತಲು ಹೋಯಿತು.

"ಅಮ್ಮಾ!" ಎಂದು ಚೀರಿದರು.

ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿ ಅವರ ತೊಡೆಯ ಮೇಲಿಟ್ಟಳು. ಗೇರ್ ಬದಲಿಸಬೇಕಾಗಿಲ್ಲವಲ್ಲ, ಆ ಕೈಗೆ ಬೇರೆ ಕೆಲಸವಿರಲಿಲ್ಲ.

"ಅಲ್ಲೇನೂ ಇಲ್ಲ ರೀ," ಅಂದಳು. "ಕಾಲು ಬಿಟ್ಬಿಡಿ."

ಭಾವ ಬಗ್ಗಿ ನೋಡಿದರು. ಅಲ್ಲಿ ರಬ್ಬರಿನ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತರು. ಇಪ್ಪತ್ತಾರು ವರ್ಷದಲ್ಲಿ ಓಡುವ ಗಾಡಿಯಲ್ಲಿ ಅವರು ಒಂದು ದಿನವೂ ಕಣ್ಣು ಮುಚ್ಚಿದವರಲ್ಲ. ಮೂರನೇ ಸಿಗ್ನಲ್ಲು ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಗಾಡಿ ನಿಂತಿತು, ಹೊರಟಿತು. ಎಡಗಾಲು ಅಲುಗಾಡಲಿಲ್ಲ.